ವೆಂಕಟಲಕ್ಷ್ಮಿಯ ಮೊಮ್ಮಗನ ಬಲಗೈ

ಯಾರದೋ ಮನೆಯ ಟ್ಯಾಂಕು ತುಂಬಿ ನೀರು ರಸ್ತೆಗೆ ಹರಿದರೆ ತಾನು ನಾಚಿಕೊಳ್ಳುವ ಹೆಂಗಸು ನಮ್ಮ ವೆಂಕಟಲಕ್ಷ್ಮಿ. ಬಸ್ಸಿನಲ್ಲಿ ಕಂಡಕ್ಟರು ಇನ್ನೊಬ್ಬರನ್ನು ಬೈದರೆ ಇವಳು ತಲೆ ತಗ್ಗಿಸುತ್ತಾಳೆ. ಒಂದೇ ವಿಮಾ ಕಚೇರಿಯಲ್ಲಿ ಎದುರುಬದುರು ಮೇಜಿನಲ್ಲಿ ಕೂತು ನಾನೂ ಅವಳೂ ತಲೆ ನರೆಸಿಕೊಂಡವರು. ನಿವೃತ್ತಿಯಾದ ಮೇಲಾದರೂ ಬಿಡುಗಡೆ ಸಿಕ್ಕಿತೇ ಎಂದರೆ ಅದೂ ಇಲ್ಲ. ಮೈಲಾಪೂರಿನ ಒಂದೇ ಹಳೆಯ ಕಟ್ಟಡದಲ್ಲಿ ಅವಳು ಮೇಲೆ, ನಾನು ಕೆಳಗೆ. ನಾನು ಮೈಸೂರಿನ ಕಡೆಯವಳು, ಮದುವೆಯಾಗಿ ಮದರಾಸಿಗೆ ಬಂದವಳು, ಬಾಯಿ ಜೋರು. ಅವಳು ಇದೇ ಊರಿನ ತಿರುವಲ್ಲಿಕ್ಕೇಣಿಯಲ್ಲೇ ಹುಟ್ಟಿ ಬೆಳೆದ ಮಾಧ್ವರ ಮನೆಯ ಹುಡುಗಿ, ಮಾತು ಮೆತ್ತಗೆ. ಅವಳ ಕನ್ನಡದಲ್ಲಿ ಅರ್ಧ ತಮಿಳು, ನನ್ನ ತಮಿಳಿನಲ್ಲಿ ಮುಕ್ಕಾಲು ಕನ್ನಡ. ಹೇಗೋ ಇಷ್ಟು ವರ್ಷ ಸಾಗಿಸಿಕೊಂಡು ಬಂದಿದ್ದೇವೆ.

ಅವಳ ಗಂಡ ಕಮಲಾಕರ ರೈಲ್ವೆಯಲ್ಲಿದ್ದವರು. ಈಗ ಬೆಳಗಿನ ಪೇಪರನ್ನು ಸಂಜೆಯವರೆಗೆ ಓದುತ್ತಾರೆ. ಒಬ್ಬನೇ ಮಗ ಮುರಳೀಧರ ಬ್ಯಾಂಕಿನವನು. ತಿರುನೆಲ್ವೇಲಿಗೆ ವರ್ಗವಾಗಿ ಶನಿವಾರ ಬಂದು ಭಾನುವಾರ ರಾತ್ರಿ ರೈಲು ಹತ್ತುತ್ತಾನೆ. ಸೊಸೆ ತೃಪ್ತಿ ಧಾರವಾಡದ ಹುಡುಗಿ, ಗಿಂಡಿಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. ನೆಟ್ಟಗೆ ಮಾತಾಡುವ ಹುಡುಗಿ. ಅತ್ತೆಯ ಹಾಗೆ ನಾಲ್ಕು ಸಲ ನುಂಗಿ ಒಂದು ಮಾತು ಹೇಳುವವಳಲ್ಲ.

ಈ ತೃಪ್ತಿಗೆ ಎಂಟು ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಗಂಡು ಕೂಸು. ಹುಟ್ಟಿದಾಗ ನನ್ನ ಅಂಗೈ ಮತ್ತು ಮುಂಗೈ ಸೇರಿದರೆ ಎಷ್ಟೋ ಅಷ್ಟೇ ಉದ್ದ. ಗಾಜಿನ ಪೆಟ್ಟಿಗೆಯಲ್ಲಿ, ಮೂಗಿಗೆ ಕೊಳವೆ ಹಾಕಿಸಿಕೊಂಡು, ಒಂದಿಷ್ಟು ವಾರ ಬದುಕಿಗೂ ಸಾವಿಗೂ ನಡುವೆ ಮಲಗಿತ್ತು. ಆ ದಿನಗಳಲ್ಲಿ ವೆಂಕಟಲಕ್ಷ್ಮಿ ರಾಘವೇಂದ್ರಸ್ವಾಮಿಗಳ ಮಠಕ್ಕೆ ನಡೆದ ನಡಿಗೆಯನ್ನು ಜೋಡಿಸಿದರೆ ಮಂತ್ರಾಲಯ ಮುಟ್ಟುತ್ತಿತ್ತು. ಕೂಸು ಉಳಿಯಿತು. ಗುರುಗಳು ಉಳಿಸಿದ ಮಗು ಎಂದು ಗುರುಚರಣ ಎಂಬ ಹೆಸರಿಟ್ಟರು.

ಮನೆಗೆ ಕಳಿಸುವಾಗ ಡಾಕ್ಟರು ಒಂದು ಮಾತು ಒತ್ತಿ ಹೇಳಿದ್ದರು. ಬೇಗ ಹುಟ್ಟಿದ ಮಗುವಿನ ತೂಕ ಹೆಚ್ಚಿದ ಮಾತ್ರಕ್ಕೆ ಎಲ್ಲಾ ಮುಗಿಯಲಿಲ್ಲ. ಎರಡು ವರ್ಷವಾದರೂ ಬಿಡದೆ ತೋರಿಸುತ್ತಿರಬೇಕು. ಕಣ್ಣು, ಕಿವಿ, ತಲೆಯ ಸುತ್ತಳತೆ, ಕೈಕಾಲಿನ ಬಿಗುವು ಎಲ್ಲಾ ನೋಡುತ್ತಿರಬೇಕು. ಹೊರಗೆ ಏನೂ ಕಾಣದೆ ಒಳಗೆ ಏನಾದರೂ ಇದ್ದರೆ ಬೇಗ ಗೊತ್ತಾದಷ್ಟೂ ಒಳ್ಳೆಯದು ಎಂದಿದ್ದರು. ಮೊದಲ ಆರು ತಿಂಗಳು ತೃಪ್ತಿಯೇ ಕರೆದುಕೊಂಡು ಹೋದಳು. ಕಣ್ಣು ಸರಿಯಾಗಿದೆ ಎಂದರು, ಕಿವಿ ಸರಿಯಾಗಿದೆ ಎಂದರು. ಆಮೇಲೆ ಅವಳ ರಜೆ ಮುಗಿಯಿತು. ಕೂಸನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಅಜ್ಜಿಯ ಪಾಲಿಗೆ ಬಂತು.

"ಅತ್ತಿ, ನಿಮ್ಮ ಮ್ಯಾಲೆ ಬಿಟ್ಟೇನ್ರಿ" ಎಂದು ತೃಪ್ತಿ ಹೇಳಿದಾಗ ನಾನೂ ಅಲ್ಲೇ ಇದ್ದೆ. ವೆಂಕಟಲಕ್ಷ್ಮಿಯ ಮುಖ ಅರಳಿತು. ಕಚೇರಿಯಲ್ಲಿ ಬಡ್ತಿ ಸಿಕ್ಕಾಗಲೂ ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿಲ್ಲ.

ಮೊದಲ ಸಲ ನಾನೂ ಜೊತೆಗೆ ಹೋದೆ. ಆಟೋದಲ್ಲಿ ಕೂಸಿಗೆ ಬಿಸಿಲು ಬೀಳದ ಹಾಗೆ ಸೆರಗು ಹಿಡಿದದ್ದೇ ನನ್ನ ಕೆಲಸ. ಹಿಂದಿನ ದಿನ ಚುಚ್ಚುಮದ್ದು ಹಾಕಿಸಿದ್ದರಿಂದ ಕೂಸಿಗೆ ಮೈ ಬೆಚ್ಚಗಿತ್ತು, ಮುಟ್ಟಿದರೆ ಅಳುತ್ತಿತ್ತು. ಮಕ್ಕಳ ಬೆಳವಣಿಗೆ ನೋಡುವ ಥೆರಪಿಸ್ಟ್ ಶಾಲಿನಿ ಎಂಬ ಹುಡುಗಿ, ತಮಿಳಿನವಳು. ಅವಳ ಮಾತನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ. ಅವಳು ಕೆಂಪು ಗಿಲಕಿ ಅಲ್ಲಾಡಿಸಿದಳು, ಕೂಸು ಕಿರುಚಿ ಅಜ್ಜಿಯ ಹೆಗಲಿಗೆ ಅಂಟಿಕೊಂಡಿತು.

"ಇವತ್ತು ಬೇಡ, ಇವನಿಗೆ ಸುಸ್ತಾಗಿದೆ" ಎಂದಳು ಶಾಲಿನಿ. "ಮುಂದಿನ ವಾರ ಕರೆದುಕೊಂಡು ಬನ್ನಿ ಪಾಟಿ. ಮನೆಯಲ್ಲಿ ಆಟದ ಸಾಮಾನು ಕೊಟ್ಟರೆ ಎರಡು ಕೈಯಲ್ಲೂ ತೆಗೆದುಕೊಳ್ಳುತ್ತಾನಾ?"

ಪಾಟಿ ಎಂದರೆ ಅಜ್ಜಿ. ಅಜ್ಜಿ ಒಂದು ಕ್ಷಣವೂ ತಡಮಾಡಲಿಲ್ಲ. "ಓ, ಎರಡು ಕೈಯಲ್ಲೂ!"

ನಾಲ್ಕು ಸಲ ನುಂಗಿ ಮಾತಾಡುವವಳು ಇಷ್ಟು ಚುರುಕಾಗಿ ಉತ್ತರ ಕೊಟ್ಟದ್ದು ನನಗೆ ತಮಾಷೆಯಾಗಿ ಕಂಡಿತು. ಮೊಮ್ಮಗನ ಜಂಬ ಎಂದುಕೊಂಡೆ. ಹೊರಗೆ ಬಂದು ಹಾಗೆಂದು ಚುಡಾಯಿಸಿದೆ ಕೂಡ. ಅವಳು ನಗಲಿಲ್ಲ. "ಮುಂದಿನ ವಾರ ನೀನು ಬರೋದು ಬೇಡ ಕಣೇ ವಿನೋದಾ. ಸುಮ್ನೆ ಯಾಕೆ ಅಲೀತಿ, ನಾನೇ ಹೋಗಿ ಬಂದ್ಬಿಡ್ತೀನಿ" ಎಂದಳು.

ಹಾಗೇ ಆಯಿತು. ಮುಂದಿನ ವಾರ ಅವಳು ಬೆಳಿಗ್ಗೆ ಕೂಸನ್ನೂ ಚೀಲವನ್ನೂ ಎತ್ತಿಕೊಂಡು ಆಟೋ ಹತ್ತಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಮಧ್ಯಾಹ್ನ ಇಳಿದದ್ದನ್ನೂ ನೋಡಿದೆ. ಏನಂದರು ಎಂದು ಕೇಳಿದರೆ, "ಎಲ್ಲಾ ನಾರ್ಮಲ್" ಎಂದಳು. ಮುಂದಿನ ತಿಂಗಳೂ ಇದೇ ಪ್ರಶ್ನೆ, ಇದೇ ಉತ್ತರ.

ಒಂದು ಮಧ್ಯಾಹ್ನ ನುಗ್ಗೆಕಾಯಿ ಕೊಡಲು ಮೇಲೆ ಹೋದೆ. ಬಾಗಿಲು ಸುಮ್ಮನೆ ಮುಂದಕ್ಕೆ ಹಾಕಿತ್ತು, ತಳ್ಳಿಕೊಂಡು ಒಳಗೆ ಹೋದೆ. ಕೂಸು ಚಾಪೆಯ ಮೇಲೆ ಮಲಗಿ ಅಳುತ್ತಿತ್ತು. ಅದರ ಎಡಗೈಗೆ ಒಂದು ಕಾಲುಚೀಲ ತೊಡಿಸಿ, ಮಣಿಕಟ್ಟಿನ ಹತ್ತಿರ ಜಡೆಗೆ ಕಟ್ಟುವ ರಿಬ್ಬನ್ನು ಸುತ್ತಿ ಗಂಟು ಹಾಕಿತ್ತು. ಬಲಗಡೆಗೆ ಒಂದು ಗಿಲಕಿ. ಅಜ್ಜಿ ಪಕ್ಕದಲ್ಲಿ ಕೂತು, "ಈ ಕೈ ಕಣ್ಣಾ, ಈ ಕೈ. ನಲ್ಲ ಪಿಳ್ಳೈ, ಜಾಣ ಮರಿ ಅಲ್ವಾ ನೀನು, ಈ ಕೈ" ಎಂದು ಬೇಡಿಕೊಳ್ಳುತ್ತಿದ್ದಳು. ಅವಳ ಕಣ್ಣಲ್ಲೂ ನೀರಿತ್ತು.

"ಏನೇ ಇದು!" ಎಂದೆ ನಾನು.

ಅವಳು ಬೆಚ್ಚಿಬಿದ್ದಳು. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಮುಖ. ಎದ್ದುಹೋಗಿ ಬಾಗಿಲಿನ ಚಿಲಕ ಹಾಕಿ ಬಂದಳು. "ತೃಪ್ತಿ ಹತ್ರ ಹೇಳ್ಬೇಡ, ನಿನ್ನ ದಮ್ಮಯ್ಯ" ಎಂದಳು. "ಕೂಸು ಎಡಚ ಕಣೇ. ಏನು ಕೊಟ್ರೂ ಎಡಗೈ. ಈ ಬಲಗೈನ ಎತ್ತೋದೇ ಇಲ್ಲ."

"ಆದರೇನಂತೆ? ನನ್ನ ತಮ್ಮನ ಮಗಳು ಎಡಗೈಯಲ್ಲೇ ಬರೆದು ರ‍್ಯಾಂಕು ಬಂದಳು. ಯಾವ ಕಾಲದಲ್ಲಿದ್ದೀ ನೀನು?"

"ನಿನಗೆ ಗೊತ್ತಿಲ್ಲ." ಅವಳು ನೆಲ ನೋಡುತ್ತಾ ಕೂತಳು. ಆಮೇಲೆ ಹೇಳಿದಳು: "ನಂದೇ ಬಂದಿರೋದು ಇದಕ್ಕೆ. ನಾನೂ ಎಡಚಿ."

ಮೂವತ್ತು ವರ್ಷಕ್ಕೂ ಮಿಕ್ಕಿ ಎದುರಿಗೆ ಕೂತು ಅವಳು ಬರೆಯುವುದನ್ನು ನೋಡಿದವಳು ನಾನು. ಬಲಗೈ ಬರವಣಿಗೆ, ಮುತ್ತು ಪೋಣಿಸಿದ ಹಾಗೆ. ಅವಳ ಕೈಬರಹಕ್ಕಾಗಿಯೇ ಮ್ಯಾನೇಜರು ಎಲ್ಲಾ ಪತ್ರವನ್ನೂ ಅವಳಿಗೇ ಕೊಡುತ್ತಿದ್ದರು. ನಾನು ನಂಬಲಿಲ್ಲ. ಅವಳು ಹೊಲಿಗೆ ಡಬ್ಬಿ ತೆರೆದು, ಎಡಗೈಯಲ್ಲಿ ದಾರ ಹಿಡಿದು, ಕನ್ನಡಕವೂ ಇಲ್ಲದೆ ಒಂದೇ ಸಲಕ್ಕೆ ಸೂಜಿಗೆ ಪೋಣಿಸಿ ತೋರಿಸಿದಳು.

ತಿರುವಲ್ಲಿಕ್ಕೇಣಿಯ ಆ ಮನೆಯಲ್ಲಿ ಅವಳ ಅಜ್ಜಿ ಊಟದ ಹೊತ್ತಿಗೆ ಅವಳ ಎಡಗೈಯನ್ನು ಹಳೆ ಪಂಚೆಯ ಅಂಚಿನಿಂದ ಸೊಂಟಕ್ಕೆ ಕಟ್ಟಿ ಕೂರಿಸುತ್ತಿದ್ದರಂತೆ. ಬಿಚ್ಚಿಕೊಂಡರೆ ಊಟವಿಲ್ಲ. ತೀರ್ಥವನ್ನು ಎಡಗೈ ಚಾಚಿ ಇಸಿದುಕೊಂಡಳೆಂದು ಒಮ್ಮೆ ಮಠದಲ್ಲಿ ಎಲ್ಲರ ಮುಂದೆ ಬೆರಳ ಗೆಣ್ಣಿನ ಮೇಲೆ ಹೊಡೆತ. ಪಂಕ್ತಿಯಲ್ಲಿ ಕೂತವರೆಲ್ಲಾ ನಕ್ಕರಂತೆ. ಎಂಟು ವರ್ಷ ತುಂಬುವ ಹೊತ್ತಿಗೆ ಹುಡುಗಿ 'ಸರಿಹೋದಳು.' ಮದುವೆಯ ಹೊತ್ತಿಗೆ ಯಾರಿಗೂ ಗೊತ್ತಾಗದಷ್ಟು ಸರಿಹೋದಳು. ಕಮಲಾಕರರಿಗೂ ಆವತ್ತಿನವರೆಗೆ ಗೊತ್ತಿರಲಿಲ್ಲ.

"ನನ್ನ ದರಿದ್ರ ಅದರ ಕೈಗೆ ಇಳೀತಲ್ಲ ವಿನೋದಾ. ಮುಂದಿನ ವಾರ ಅನ್ನಪ್ರಾಶನ. ಎಲ್ಲಾ ಬರ್ತಾರೆ. ಅಷ್ಟರಲ್ಲಿ ಒಂದೇ ಒಂದು ಸಲ ಬಲಗೈ ನೀಡಿದ್ರೆ ಸಾಕು."

ನಾನು ಬೈದೆ. ಚೆನ್ನಾಗಿಯೇ ಬೈದೆ. ನಿನಗೆ ಮಾಡಿದ್ದನ್ನು ಈ ಹಸುಗೂಸಿಗೆ ಮಾಡುತ್ತೀಯಲ್ಲ, ನಾಚಿಕೆಯಾಗೋದಿಲ್ಲವಾ ಎಂದೆ. ನಾಚಿಕೆ ಎಂಬ ಮಾತನ್ನು ಅವಳ ಮುಂದೆ ಆಡಬಾರದಿತ್ತು. ಅವಳಿಗೆ ಅದರದೇ ಕಾಯಿಲೆ. ರಿಬ್ಬನ್ನು ಬಿಚ್ಚಿ ಕೂಸನ್ನು ಎತ್ತಿ ಅವಳ ಕೈಗೆ ಕೊಟ್ಟು ಕೆಳಗೆ ಬಂದೆ.

ಅನ್ನಪ್ರಾಶನದ ದಿನ ಮನೆ ತುಂಬಾ ಜನ. ಬೆಸೆಂಟ್ ನಗರದಿಂದ ಕಮಲಾಕರರ ಚಿಕ್ಕಪ್ಪನ ಮಗಳು ಅಕ್ಕು ಬಂದಿದ್ದಳು. ಆ ಬಳಗಕ್ಕೆ ಯಾರ ಮನೆಯಲ್ಲಿ ಏನು ಕುಂದು ಇದೆ ಎಂದು ಮೊದಲು ಗೊತ್ತಾಗುವುದು ಅವಳಿಗೆ, ಎರಡನೆಯದಾಗಿ ಗೊತ್ತಾಗುವುದು ಊರಿಗೆ. "ಎಂಟು ತಿಂಗಳಾಯ್ತು, ಇನ್ನೂ ಕೂರಲ್ವಾ?" ಎಂದು ಬಾಗಿಲಲ್ಲೇ ಕೇಳಿದಳು. ಬೇಗ ಹುಟ್ಟಿದ ಮಗುವಿಗೆ ಹುಟ್ಟಬೇಕಾಗಿದ್ದ ದಿನದಿಂದ ಲೆಕ್ಕ ಹಿಡಿಯಬೇಕು, ಹಾಗೆ ನೋಡಿದರೆ ಇವನಿಗೆ ಆರು ತಿಂಗಳು ಎಂದು ತೃಪ್ತಿ ಬಿಡಿಸಿ ಹೇಳಿದಳು. ವೆಂಕಟಲಕ್ಷ್ಮಿ ಅಡಿಗೆಮನೆಗೆ ಓಡಿಹೋದಳು.

ಕಮಲಾಕರರ ತೊಡೆಯ ಮೇಲೆ ಕೂಸನ್ನು ಕೂರಿಸಿ ಪಾಯಸ ಮುಟ್ಟಿಸಿದ್ದಾಯಿತು. ಆಮೇಲೆ ಮುಂದೆ ಒಂದು ತಟ್ಟೆ ಇಟ್ಟರು. ಅದರಲ್ಲಿ ಪುಸ್ತಕ, ಪೆನ್ನು, ಚಿನ್ನದ ಉಂಗುರ, ಒಂದು ಹಿಡಿ ಮಣ್ಣು. ಕೂಸು ಮೊದಲು ಯಾವುದನ್ನು ಮುಟ್ಟುತ್ತದೋ ಅದೇ ಅದರ ಮುಂದಿನ ಜೀವನ ಎಂದು ನಮ್ಮ ನಂಬಿಕೆ. ಎಡಗೈಗೆ ಮತ್ತೆ ಕಾಲುಚೀಲ ಬಂದಿತ್ತು. ಯಾರೋ ಕೇಳಿದ್ದಕ್ಕೆ ವೆಂಕಟಲಕ್ಷ್ಮಿ, "ಮುಖ ಪರಚಿಕೊಳ್ಳತ್ತೆ" ಎಂದಳು. ನಾನು ಅವಳನ್ನು ಕೆಕ್ಕರಿಸಿಕೊಂಡು ನೋಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

ಕೂಸಿಗೆ ಉಂಗುರ ಬೇಕಿತ್ತು. ಹೊಳೆಯುವುದರ ಕಡೆಗೆ ಮೈಯನ್ನೆಲ್ಲಾ ಬಾಗಿಸಿತು. ಕಾಲುಚೀಲದ ಕೈ ಮುಂದಕ್ಕೆ ಬಂತು, ಉಂಗುರ ಜಾರಿತು. ಇನ್ನೊಮ್ಮೆ ಬಂತು, ಇನ್ನೊಮ್ಮೆ ಜಾರಿತು. ಬಲಗೈ ಎದೆಯ ಪಕ್ಕದಲ್ಲಿ ಮುಷ್ಟಿ ಕಟ್ಟಿಕೊಂಡು ಇದ್ದಲ್ಲೇ ಇತ್ತು. ಕೊನೆಗೆ ಕೂಸು ತಲೆ ಬಗ್ಗಿಸಿ ಪುಸ್ತಕಕ್ಕೆ ಬಾಯಿ ಹಾಕಿತು. ಮನೆಯೆಲ್ಲಾ ಗೊಳ್ಳೆಂದು ನಕ್ಕಿತು. "ಪುಸ್ತಕ ತಿನ್ನೋ ಪಂಡಿತ!" ಎಂದರು ಕಮಲಾಕರ.

ತೃಪ್ತಿ ನಗಲಿಲ್ಲ. ಮುಂದೆ ಬಂದು ಮೊಣಕಾಲೂರಿ ಕೂತು ಕಾಲುಚೀಲ ಎಳೆದು ತೆಗೆದಳು. ಎಡಗೈ ಚಂಗನೆ ಹೋಗಿ ಪೆನ್ನು ಹಿಡಿಯಿತು. "ಅಯ್ಯೋ, ಎಡಚ!" ಎಂದಳು ಅಕ್ಕು, ಎಲ್ಲರಿಗೂ ಕೇಳುವಷ್ಟು. ತೃಪ್ತಿಗೆ ಅದು ಕೇಳಿಸಿತೋ ಇಲ್ಲವೋ. ಅವಳು ಮಗನ ಬಲ ಮುಷ್ಟಿಯನ್ನು ತನ್ನ ಕೈಗೆ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹೆಬ್ಬೆರಳು ಒಳಗೆ ಮಡಿಸಿಕೊಂಡಿತ್ತು. ಬಿಟ್ಟ ಕೂಡಲೇ ಮುಷ್ಟಿ ಮತ್ತೆ ಕಟ್ಟಿಕೊಂಡಿತು.

"ಅತ್ತಿ, ನಾ ಹೋದ ತಿಂಗಳನ ಕೇಳಿದ್ನಲ್ರಿ, ಈ ಮುಷ್ಟಿ ಯಾಕ ಬಿಚ್ಚವಲ್ದು ಅಂತ. ನೀವು ಶಾಲಿನಿ ನೋಡ್ಯಾರ ಅಂದ್ರಿ. ಖರೇನ ನೋಡ್ಯಾರೇನ್ರಿ?"

ಎಲ್ಲರೂ ವೆಂಕಟಲಕ್ಷ್ಮಿಯ ಕಡೆ ತಿರುಗಿದರು. ಅವಳು ಕೈಯಲ್ಲಿ ಪಾಯಸದ ಪಾತ್ರೆ ಹಿಡಿದು ನಿಂತಿದ್ದಳು.

"ನೋಡಿದಾರೆ. ಸರಿಹೋಗುತ್ತೆ ಅಂದ್ರು" ಎಂದಳು.

"ಆತ್ರಿ. ಸೋಮವಾರ ನಾನೂ ರಜಾ ಹಾಕ್ತೀನಿ. ನಾನೂ ಒಂದ್ ಮಾತು ಕೇಳ್ಕೊಂಡು ಬರ್ತೀನಿ."

ಭಾನುವಾರ ಸಂಜೆ ವೆಂಕಟಲಕ್ಷ್ಮಿ ಕೆಳಗಿಳಿದು ಬಂದು ನಮ್ಮ ಮನೆಯ ಸೋಫಾದ ತುದಿಯಲ್ಲಿ ಕೂತಳು. "ನಾಳೆ ನೀನೂ ಬಾ" ಎಂದಳು. ಕಾಫಿ ಕೊಟ್ಟರೆ ಕುಡಿಯಲಿಲ್ಲ. ಎಡಗೈಯ ವಿಷಯ ಸೊಸೆಗೆ ಗೊತ್ತಾಗುವುದಲ್ಲ ಎಂದು ಒದ್ದಾಡುತ್ತಿದ್ದಾಳೆ, ಗೊತ್ತಾಗಲಿ ಬಿಡು, ಅಲ್ಲಿಗೆ ಒಂದು ಮುಗಿಯುತ್ತದೆ ಎಂದು ನಾನು ಅಂದುಕೊಂಡೆ.

ಶಾಲಿನಿ ನಮ್ಮನ್ನು ನೋಡಿದ ಕೂಡಲೇ ಎದ್ದು ಬಂದಳು. "ಅಬ್ಬಾ, ಬಂದಿರಾ! ಎಲ್ಲಿ ಹೋಗಿಬಿಟ್ಟಿರಿ ಪಾಟಿ? ಆವತ್ತಿನಿಂದ ಬರಲೇ ಇಲ್ಲವಲ್ಲ. ಎಷ್ಟು ಸಲ ಫೋನ್ ಮಾಡಿಸಿದೆ, ನೀವು ತೆಗೆಯಲೇ ಇಲ್ಲ."

ತೃಪ್ತಿ ಮೆಲ್ಲಗೆ ಅತ್ತೆಯ ಕಡೆ ತಿರುಗಿದಳು. ಅವಳಿಗೆ ತಮಿಳು ಅಷ್ಟಕ್ಕಷ್ಟೆ, ಆದರೆ ಇಷ್ಟು ಅರ್ಥವಾಗದೆ ಇರಲಿಲ್ಲ.

"ಬಂದೇ ಇಲ್ಲೇನ್ರಿ? ಎರಡೂ ಸಲ ಆಟೋ ಹತ್ತಿ ಬಂದ್ರಲ್ರಿ. ಎಲ್ಲಿಗೆ ಹೋಗಿದ್ರಿ ಅತ್ತಿ?"

ವೆಂಕಟಲಕ್ಷ್ಮಿಯ ತುಟಿ ಅಲ್ಲಾಡಿತು. "ಪಾರ್ಕಿಗೆ" ಎಂದಳು.

ನಾಗೇಶ್ವರರಾವ್ ಪಾರ್ಕು ನಮ್ಮ ಮನೆಗೆ ಕೂಗಳತೆ ದೂರ. ಆಸ್ಪತ್ರೆಯ ಚೀಲ ತೊಡೆಯ ಮೇಲಿಟ್ಟುಕೊಂಡು, ಕೂಸಿಗೆ ಬಾಟಲಿಯ ಹಾಲು ಕುಡಿಸಿಕೊಂಡು, ಆಸ್ಪತ್ರೆಗೆ ಹೋಗಿಬರುವಷ್ಟು ಹೊತ್ತು ಅಲ್ಲಿಯ ಕಲ್ಲುಬೆಂಚಿನ ಮೇಲೆ ಕೂತಿದ್ದು, ಮತ್ತೆ ಆಟೋ ಹಿಡಿದು ಬಂದಿದ್ದಳು. ಕೂಸು ಶಾಲಿನಿಯ ಮುಂದೆ ಎಡಗೈ ಚಾಚಿದರೆ, ಮನೆಯಲ್ಲಿ ಯಾರಾದರೂ ಎಡಚರಿದ್ದಾರಾ ಎಂದು ಆಕೆ ಕೇಳಿದರೆ, ಆ ಮಾತು ಸೊಸೆಯ ಕಿವಿಗೆ ಬಿದ್ದರೆ? ಅಷ್ಟಕ್ಕಾಗಿ.

ಶಾಲಿನಿ ಮಾತು ಬೆಳೆಸಲಿಲ್ಲ. ಕೂಸನ್ನು ಚಾಪೆಯ ಮೇಲೆ ಮಲಗಿಸಿಕೊಂಡಳು. ಎಡಕ್ಕೆ ಗಿಲಕಿ ಹಿಡಿದಳು, ಎಡಗೈ ಬಂತು. ಬಲಕ್ಕೆ ಹಿಡಿದಳು, ಎಡಗೈಯೇ ಎದೆ ದಾಟಿ ಬಂತು. ಎಡಗೈಯನ್ನು ಮೆತ್ತಗೆ ಒತ್ತಿ ಹಿಡಿದು ಬಲಕ್ಕೆ ತೋರಿಸಿದಳು. ಬಲಭುಜ ಒಂದಿಷ್ಟು ನಡುಗಿತು, ಮುಷ್ಟಿ ಇನ್ನೂ ಬಿಗಿಯಾಯಿತು. ಬಲಗಾಲಿನ ಪಾದವನ್ನು ಮಡಿಸಿ ನೋಡಿದಳು. ಅವಳ ಮುಖದ ನಗು ಹೋಗಿತ್ತು. ಎದ್ದುಹೋಗಿ ಡಾಕ್ಟರನ್ನು ಕರೆದುಕೊಂಡು ಬಂದಳು. ಅವರೂ ಇದನ್ನೆಲ್ಲಾ ಇನ್ನೊಮ್ಮೆ ಮಾಡಿ ನೋಡಿ, ಮೆದುಳಿನ ಸ್ಕ್ಯಾನಿಗೆ ಬರೆದರು.

"ಎಡಚ ಅಂತ ಅಂದುಕೊಂಡಿದ್ದೆವು" ಎಂದೆ ನಾನು. ಯಾರಾದರೂ ಹೇಳಬೇಕಿತ್ತಲ್ಲ.

"ಈ ವಯಸ್ಸಿನಲ್ಲಿ ಯಾವ ಮಗುವೂ ಎಡಚನೂ ಅಲ್ಲ, ಬಲಗೈಯವನೂ ಅಲ್ಲ ಅಮ್ಮಾ" ಎಂದಳು ಶಾಲಿನಿ. "ಎರಡೂ ಕೈ ಒಂದೇ ಸಮ ಆಡಬೇಕು. ಒಂದೇ ಕೈ ಬಳಸುತ್ತಿದ್ದರೆ ಆ ಕೈ ಜೋರು ಅಂತಲ್ಲ, ಇನ್ನೊಂದು ಕೈ ಬರುತ್ತಿಲ್ಲ ಅಂತ. ಬೇಗ ಹುಟ್ಟಿದ ಮಕ್ಕಳಿಗೆ ಆ ಹೊತ್ತಿನಲ್ಲಿ ಮೆದುಳಿನ ಒಂದು ಕಡೆ ಪೆಟ್ಟಾಗಿದ್ದರೆ ಹೀಗಾಗುತ್ತದೆ. ಇದನ್ನು ಹಿಡಿಯುವುದಕ್ಕೇ ನಾವು ಮತ್ತೆ ಮತ್ತೆ ಬನ್ನಿ ಅನ್ನುವುದು."

"ಅಂದರೆ ಇದು ಮನೆತನದಿಂದ ಬಂದದ್ದಲ್ಲವಾ?" ವೆಂಕಟಲಕ್ಷ್ಮಿ ಕೇಳಿದಳು. ಅವಳ ದನಿ ಕೇಳಿಸಿದ್ದು ನನಗೇ ಕಷ್ಟದಲ್ಲಿ.

"ಇಲ್ಲ ಪಾಟಿ. ಇದಕ್ಕೂ ಮನೆತನಕ್ಕೂ ಸಂಬಂಧವೇ ಇಲ್ಲ."

ಎಡಚತನ ತನ್ನಿಂದ ಇಳಿದು ಬಂದದ್ದಲ್ಲ ಎಂದು ಕೇಳಿದರೆ ಅವಳಿಗೆ ಹಗುರವಾಗಬೇಕಿತ್ತು. ಅವಳು ಹಿಂದಿನ ಗೋಡೆಗೆ ಸರಿದು ನೆಲದ ಮೇಲೆ ಕೂತು ತಲೆ ತಗ್ಗಿಸಿದಳು. ಯಾವ ತಪ್ಪನ್ನು ಮುಚ್ಚಿಡಲು ಹೋಗಿದ್ದಳೋ ಆ ತಪ್ಪು ಇರಲೇ ಇಲ್ಲ. ಮುಚ್ಚಿಟ್ಟದ್ದೇ ತಪ್ಪಾಗಿತ್ತು.

ತೃಪ್ತಿ ಒಂದೇ ಒಂದು ಪ್ರಶ್ನೆ ಕೇಳಿದಳು, ಇಂಗ್ಲಿಷಿನಲ್ಲಿ, ನಿಧಾನವಾಗಿ. ಅವತ್ತೇ ಬಂದಿದ್ದರೆ ಈ ಕೈ ಇದಕ್ಕಿಂತ ಚೆನ್ನಾಗಿ ಆಗುತ್ತಿತ್ತಾ?

ಶಾಲಿನಿ ಕೂಸಿನ ಬೆನ್ನು ಸವರಿದಳು. "ಅದನ್ನು ಯಾರೂ ಹೇಳಲಾರರು. ಬೇಗ ಶುರು ಮಾಡಿದಷ್ಟೂ ಒಳ್ಳೆಯದು, ಅಷ್ಟು ಮಾತ್ರ ಹೇಳಬಹುದು. ಈಗಲೂ ಚಿಕ್ಕವನೇ. ಇವತ್ತೇ ಶುರು ಮಾಡೋಣ."

ಅದಾದ ಮೇಲೆ ಅವಳು ಮಾಡಬೇಕಾದದ್ದನ್ನು ತೋರಿಸಿಕೊಟ್ಟಳು. ಚಿಕಿತ್ಸೆಯ ಒಂದು ಭಾಗ ಕೇಳಿ ನಾನು ಗೆಳತಿಯ ಕಡೆ ತಿರುಗಿದೆ: ಚೆನ್ನಾಗಿರುವ ಎಡಗೈಗೆ ಮೆತ್ತನೆಯ ಕೈಗವಸು ಹಾಕಿ, ಬಲಗೈಯಿಂದ ಆಟ ಆಡಿಸಬೇಕು. ವೆಂಕಟಲಕ್ಷ್ಮಿ ತಲೆ ಎತ್ತಿದಳು. "ನಾನೂ ಕಟ್ಟುತ್ತಿದ್ದೆ" ಎಂದಳು.

"ಎಷ್ಟು ಹೊತ್ತು?"

"ಮಧ್ಯಾಹ್ನವೆಲ್ಲಾ."

"ಅಳುತ್ತಿದ್ದನಾ?"

ಶಾಲಿನಿ ಬೈಯಲಿಲ್ಲ, ಸ್ವಲ್ಪ ಹೊತ್ತು ಮಾತ್ರ ಹಾಕಬೇಕು, ಮಗು ನಗುತ್ತಿರುವಾಗ ಹಾಕಬೇಕು, ಬಲಗೈಯನ್ನು ನಾವು ಹಿಡಿದು ಮುಷ್ಟಿ ಬಿಡಿಸಿ ಸಾಮಾನನ್ನು ಮುಟ್ಟಿಸಬೇಕು, ಅತ್ತ ಕೂಡಲೇ ತೆಗೆದುಬಿಡಬೇಕು ಎಂದಳು. ಅಳಿಸಿ ಮಾಡಿದರೆ ಆ ಕೈಯನ್ನು ಕಂಡರೇ ಮಗುವಿಗೆ ಬೇಸರ ಬಂದುಬಿಡುತ್ತದೆ ಎಂದೂ ಹೇಳಿದಳು. ಅವಳು ಒಳ್ಳೆಯ ಮನಸ್ಸಿನಿಂದ ಹೇಳಿದ ಒಂದೊಂದು ಮಾತೂ ಈ ಮುದುಕಿಯ ಮುಖಕ್ಕೆ ಏಟಿನ ಹಾಗೆ ಬೀಳುತ್ತಿತ್ತು. ನನಗೆ ಕನಿಕರ ಬಂದಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಂಡದಂಥ ಸಿಟ್ಟು ಬಂದಿತ್ತು ನನಗೆ. ಗುರುಗಳು ಉಳಿಸಿಕೊಟ್ಟ ಕೂಸನ್ನು ಎತ್ತಿಕೊಂಡು ಹೋಗಿ ಪಾರ್ಕಿನಲ್ಲಿ ಕೂತಿದ್ದಳಲ್ಲ!

ಮನೆ ಮುಟ್ಟಿದ ಮೇಲೆ ತೃಪ್ತಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾರನೆಯ ದಿನದಿಂದ ಸಂಬಳವಿಲ್ಲದ ರಜೆ ಹಾಕಿದಳು. ಜಗಳವಾಡಲಿಲ್ಲ, ಕೂಗಾಡಲಿಲ್ಲ, ಅಡಿಗೆ, ಊಟ, ಕಾಫಿ ಎಲ್ಲಾ ಮಾಮೂಲಿನ ಹಾಗೆ. ಆದರೆ ಕೂಸನ್ನು ಅತ್ತೆಯ ಕೈಗೆ ಕೊಡಲಿಲ್ಲ. ಸ್ನಾನಕ್ಕೆ ಹೋಗುವಾಗ ಕೂಡ ಮಾವನ ತೊಡೆಯ ಮೇಲೆ ಮಲಗಿಸಿ ಹೋಗುತ್ತಿದ್ದಳು. ಕಮಲಾಕರರು ಜೀವಮಾನದಲ್ಲಿ ಮೊದಲ ಸಲ ಪೇಪರು ಮಡಿಸಿಟ್ಟರು. ಶನಿವಾರ ಬಂದ ಮುರಳೀಧರ ತಾಯಿಯ ಮುಂದೆ ಕೂತು, "ಅಮ್ಮಾ, ಎಡಗೈಯಾದ್ರೆ ಎಡಗೈ, ನಂಗೆ ಒಂದು ಮಾತು ಹೇಳ್ಬಾರ್ದಾ?" ಎಂದಷ್ಟೇ ಕೇಳಿ ಅತ್ತುಬಿಟ್ಟನಂತೆ.

ಸ್ಕ್ಯಾನಿನ ಫಲಿತಾಂಶ ಶಾಲಿನಿ ಹೇಳಿದ ಹಾಗೇ ಬಂತು. ಮೆದುಳಿನ ಎಡಭಾಗದಲ್ಲಿ ಒಂದು ಸಣ್ಣ ಗಾಯದ ಗುರುತು. ಹುಡುಗ ನಡೆಯುತ್ತಾನೆ, ಓದುತ್ತಾನೆ. ಬಲಗೈ ಎಷ್ಟರಮಟ್ಟಿಗೆ ಬರುತ್ತದೋ ಥೆರಪಿ ಮಾಡಿಸುತ್ತಾ ಹೋದಂತೆ ನೋಡಬೇಕು, ಪೂರ್ತಿ ಬರುವುದು ಕಷ್ಟ ಎಂದರು ಡಾಕ್ಟರು.

ಥೆರಪಿಗೆ ಹೋಗುವಾಗ ವೆಂಕಟಲಕ್ಷ್ಮಿಯೂ ಹಿಂದೆ ಹಿಂದೆ ಹೋಗುತ್ತಿದ್ದಳು. ಬಾ ಎಂದು ಯಾರೂ ಕರೆಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕೋಣೆಯ ಬಾಗಿಲಲ್ಲಿ ಚಪ್ಪಲಿಗಳ ಪಕ್ಕದಲ್ಲಿ ನಿಂತು, ಶಾಲಿನಿಯ ಕೈ ಹೇಗೆ ಹಿಡಿಯುತ್ತದೆ, ಹೇಗೆ ಬಿಡುತ್ತದೆ ಎಂದು ನೋಡುತ್ತಿದ್ದಳು. ಒಂದು ದಿನ ಶಾಲಿನಿಯೇ, "ಒಳಗೆ ಬನ್ನಿ ಪಾಟಿ, ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಬೇಕು" ಎಂದು ಕರೆದಳು. ಅವಳು ಸೊಸೆಯ ಮುಖ ನೋಡಿದಳು. ತೃಪ್ತಿ ಸ್ವಲ್ಪ ಸರಿದು ಜಾಗ ಬಿಟ್ಟಳು.

ಇದಾಗಿ ಕೆಲವು ದಿನಕ್ಕೆ ಅಕ್ಕು ಫೋನ್ ಮಾಡಿದಳು. ನಾನು ಆಗ ಮೇಲೆಯೇ ಇದ್ದೆ. ಅಕ್ಕುವಿನ ದನಿಗೆ ಸ್ಪೀಕರ್ ಬೇಕಾಗಿಲ್ಲ, ಎರಡು ಕೋಣೆ ದಾಟಿ ಕೇಳಿಸುತ್ತದೆ. "ವೆಂಕಟೂ, ಕೂಸು ಎಡಚ ಅಂತ ನಾನು ಯಾರ ಹತ್ರಾನೂ ಹೇಳಲಿಲ್ಲ ಕಣೇ. ಆದ್ರೆ ಎಲ್ಲಾ ಕೇಳ್ತಾರೆ. ಏನಂತ ಹೇಳ್ಲಿ?"

ಆಗ ಆದದ್ದನ್ನು ನಾನು ಕಿವಿಯಾರೆ ಕೇಳಿದೆ, ಆದರೂ ಈಗಲೂ ನಂಬುವುದಕ್ಕೆ ಕಷ್ಟ. "ಎಲ್ಲಾರಿಗೂ ಹೇಳು ಅಕ್ಕು" ಎಂದಳು ವೆಂಕಟಲಕ್ಷ್ಮಿ, ಗಟ್ಟಿ ದನಿಯಲ್ಲಿ. "ಕೂಸು ಎಡಚ ಅಲ್ಲ. ನಾನು ಎಡಚಿ. ಹುಟ್ಟಿನಿಂದ. ಕೂಸಿಗೆ ಬಲಗೈ ಸ್ವಾಧೀನ ಇಲ್ಲ. ಡಾಕ್ಟರ್ ಬಾ ಬಾ ಅಂದ್ರೂ ನಾನು ಕರ್ಕೊಂಡು ಹೋಗ್ಲಿಲ್ಲ. ನಿಮಗೆಲ್ಲಾ ಹೆದರಿ ಹೋಗ್ಲಿಲ್ಲ. ಮನೇಲಿ ಹೋದೆ ಅಂತ ಸುಳ್ಳು ಹೇಳ್ದೆ. ಇದನ್ನೂ ಸೇರಿಸಿ ಹೇಳು."

ಫೋನು ಕೆಳಗಿಟ್ಟು ವೆಂಕಟಲಕ್ಷ್ಮಿ ಕುರ್ಚಿಯಲ್ಲಿ ಕೂತಳು. ಪೇಪರಿನ ಹಿಂದಿನಿಂದ ಕಮಲಾಕರರು ಹೆಂಡತಿಯ ಎರಡೂ ಕೈಗಳನ್ನು ಹೊಸದಾಗಿ ಕಂಡವರಂತೆ ನೋಡುತ್ತಿದ್ದರು. ನನ್ನ ಸಿಟ್ಟು ಆ ಹೊತ್ತಿಗೆ ಇಳಿಯಿತು. ಇವತ್ತಿಗೆ ಇವಳ ಲೆಕ್ಕ ಚುಕ್ತಾ ಆಯಿತು ಎಂದೇ ನನಗೂ ಅನ್ನಿಸಿತು.

ಕೋಣೆಯ ಬಾಗಿಲಲ್ಲಿ ತೃಪ್ತಿ ಮಗನನ್ನು ಎತ್ತಿಕೊಂಡು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನೇರವಾಗಿ ಬಂದು, ಅಷ್ಟು ದಿನದ ಮೇಲೆ ಮೊದಲ ಸಲ, ಕೂಸನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಒದ್ದೆಯಾಗಿರಲಿಲ್ಲ.

"ಅವರಿಗೆ ಹೇಳಿ ಏನ್ ಉಪಯೋಗರಿ ಅತ್ತಿ? ಇವಗ ಹೇಳ್ರಿ. ದೊಡ್ಡಾಂವ ಆದ ಮ್ಯಾಲೆ ನನ್ನ ಕೈ ಯಾಕ ಹಿಂಗ ಅಂತ ಕೇಳೇ ಕೇಳ್ತಾನ. ಅವತ್ತ ನಾ ಬಾಯಿ ತೆಗ್ಯಂಗಿಲ್ಲ. ನೀವೇ ಹೇಳ್ಬೇಕು."

ತೃಪ್ತಿ ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ. ಥೆರಪಿಗೆ ಅಜ್ಜಿಯೇ ಕರೆದೊಯ್ಯುತ್ತಾಳೆ, ಒಂದು ದಿನ ತಪ್ಪುವುದಿಲ್ಲ. ಹೋಗಿ ಮುಟ್ಟಿದ ಕೂಡಲೇ ಶಾಲಿನಿಯ ಕೈಯಲ್ಲೇ ಸೊಸೆಗೆ ಫೋನ್ ಮಾಡಿಸುತ್ತಾಳೆ. ಮಾಡಿಸು ಎಂದು ಯಾರೂ ಹೇಳಿಲ್ಲ. ಮನೆಯಲ್ಲಿ ಮಧ್ಯಾಹ್ನ ಗವಸು ಹಾಕಿ ಆಡಿಸುವಾಗ ನಾನೂ ಕೂತಿರುತ್ತೇನೆ. ಬಲಗೈ ಈಗ ಗಿಲಕಿಯ ತನಕ ಬರುತ್ತದೆ. ಹಿಡಿಯಲು ಬರುವುದಿಲ್ಲ, ತಳ್ಳಲು ಬರುತ್ತದೆ.

"ಹೇಗೆ ಹೇಳೋದು ವಿನೋದಾ?" ಎಂದು ಆಗಾಗ ಕೇಳುತ್ತಾಳೆ. "ಅದು ಸ್ಕೂಲಿಗೆ ಹೋಗಿ ತಮಿಳಲ್ಲೇ ಕೇಳತ್ತೋ ಏನೋ. ತಮಿಳಲ್ಲೂ ಯೋಚನೆ ಮಾಡಿ ಇಟ್ಕೋಬೇಕು." ಬಾಯಿ ಜೋರಿನವಳು ನಾನು, ನನಗೂ ಒಂದು ಮಾತು ಹೊಳೆದಿಲ್ಲ. ಅವಳು ದಿನಾ ಪ್ರಯತ್ನ ಮಾಡುತ್ತಾಳೆ. ಆಟದ ನಡುವೆ ಆ ಪುಟ್ಟ ಮುಷ್ಟಿಯನ್ನು ತನ್ನ ಕೈಯೊಳಗೆ ಬಿಡಿಸಿ ಹಿಡಿದುಕೊಂಡು, "ಗುರು, ನೀನು ಚಿಕ್ಕವನಾಗಿದ್ದಾಗ ನಿನ್ನ ಅಜ್ಜಿ..." ಎಂದು ಶುರು ಮಾಡುತ್ತಾಳೆ. ತನ್ನ ಜೊತೆ ಮಾತಾಡುತ್ತಿದ್ದಾಳೆಂದು ಕೂಸಿಗೆ ಎಲ್ಲಿಲ್ಲದ ಖುಷಿ; ಅವಳ ಮುಖವನ್ನೇ ನೋಡಿ ಕೇಕೆ ಹಾಕಿ ನಗುತ್ತದೆ. ಅಲ್ಲಿಂದ ಮುಂದಕ್ಕೆ ಅವಳಿಗೆ ಇನ್ನೂ ಹೇಳಲು ಆಗಿಲ್ಲ.